ಹಾಳೆ ಒಂದೇ, ರಟ್ಟು ಬೇರೆ

ಹಳೇ ಪುಸ್ತಕ ಕೂಡಿಸುವವರಿಗೆ ವಾಟ್ಸಾಪಿನಲ್ಲಿ ಪದೇ ಪದೇ ಬರುವ ಪ್ರಶ್ನೆ ಒಂದಿದೆ. ಕಾಪಿರೈಟ್ ಪುಟದ ಒಂದು ಫೋಟೋ, ಕೆಳಗೆ ಒಂದೇ ಸಾಲು: "ಇದು ಫಸ್ಟ್ ಎಡಿಶನ್ ಹೌದಲ್ರೀ?" ದೊಡ್ಡ ಪ್ರಕಾಶಕರ ಪುಸ್ತಕವಾದರೆ ಬಹಳ ಸಲ ಆ ಫೋಟೋ ನೋಡಿಯೇ ಉತ್ತರ ಹೇಳಬಹುದು. ಆದರೆ 1940, 50ರ ದಶಕದಲ್ಲಿ ಅಮೆರಿಕದ ಸಣ್ಣ ಪ್ರಕಾಶಕರು ತಂದ ಸೈನ್ಸ್ ಫಿಕ್ಷನ್, ಫ್ಯಾಂಟಸಿ ಪುಸ್ತಕವಾದರೆ ನಾನು ಬೇರೆ ಫೋಟೋ ಕೇಳುತ್ತೇನೆ. ಪುಸ್ತಕದ ಬೆನ್ನು ತೋರಿಸಿ. ರಟ್ಟನ್ನು ಹಗಲು ಬೆಳಕಿನಲ್ಲಿಟ್ಟು ಫೋಟೋ ತೆಗೆಯಿರಿ. ರಟ್ಟಿನ ಮೇಲೆ ಸುತ್ತುವ ಕಾಗದದ ಹೊದಿಕೆ, ಅಂದರೆ ಜಾಕೆಟ್ಟಿನ ಒಳಮಡಿಕೆ ಕಳಿಸಿ. ಕಟ್ಟಕಡೆಯ ಪುಟ ಕಳಿಸಿ. ಯಾಕೆಂದರೆ ಈ ಪುಸ್ತಕಗಳಲ್ಲಿ ಕಾಪಿರೈಟ್ ಪುಟ ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ. ಉಳಿದರ್ಧ ರಟ್ಟು, ಬಟ್ಟೆ, ಹೊಲಿಗೆಯಲ್ಲಿ ಇರುತ್ತದೆ.

ಧಾರವಾಡದಲ್ಲಿ ಕೂತು ಇಂಥ ಪುಸ್ತಕದ ಮಾತು ಯಾಕೆ ಅಂತ ಕೇಳಬಹುದು. ಇದು ವಿಶ್ವವಿದ್ಯಾಲಯದ ಊರು, ಪ್ರೊಫೆಸರರ ಊರು. ಒಂದು ಕಾಲದಲ್ಲಿ ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಓದಿ ಬಂದವರು ಪೆಟ್ಟಿಗೆಗಟ್ಟಲೆ ಪುಸ್ತಕ ತಂದರು. ಸಪ್ತಾಪುರದ, ಮಾಳಮಡ್ಡಿಯ ಹಳೇ ಮನೆಗಳು ಈಗ ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿವೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ಮನೆ ಖಾಲಿ ಮಾಡುವಾಗ ಕಪಾಟಿನ ಪುಸ್ತಕವೆಲ್ಲ ರದ್ದಿಗೆ ಹೋಗುತ್ತದೆ. ಹುಬ್ಬಳ್ಳಿಯಲ್ಲಿ ಆಗಾಗ ಹಾಲ್ ಹಿಡಿದು ಕೆಜಿ ಲೆಕ್ಕದಲ್ಲಿ ಇಂಗ್ಲಿಷ್ ಪುಸ್ತಕ ಮಾರುತ್ತಾರಲ್ವಾ, ಅಲ್ಲಿಗೆ ಹೊರದೇಶದ ಲೈಬ್ರರಿಗಳು ತೆಗೆದುಹಾಕಿದ ಪುಸ್ತಕಗಳೂ ಬರುತ್ತವೆ. ಹುಡುಕುವ ಕಣ್ಣಿದ್ದರೆ ಸಿಗುತ್ತದೆ.

ಮೊದಲಿಗೆ ಸಾಮಾನ್ಯ ಗುರುತುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಎಡಿಶನ್ ಅಂದರೆ ಒಮ್ಮೆ ಜೋಡಿಸಿದ ಅಚ್ಚಿನಿಂದ ಬಂದ ಎಲ್ಲಾ ಪ್ರತಿಗಳು. ಅದೇ ಅಚ್ಚಿನಿಂದ ಬೇರೆ ಬೇರೆ ಸಲ ಮುದ್ರಿಸಿದರೆ ಪ್ರತಿಸಲದ್ದೂ ಒಂದೊಂದು ಪ್ರಿಂಟಿಂಗ್. ಸಂಗ್ರಹ ಮಾಡುವವರು ಫಸ್ಟ್ ಎಡಿಶನ್ ಅಂದಾಗ ಅವರ ಮನಸ್ಸಿನಲ್ಲಿರುವುದು ಮೊದಲ ಎಡಿಶನ್ನಿನ ಮೊದಲ ಪ್ರಿಂಟಿಂಗ್. ಈಚಿನ ಪುಸ್ತಕಗಳ ಕಾಪಿರೈಟ್ ಪುಟದಲ್ಲಿ ಒಂದರಿಂದ ಹತ್ತರವರೆಗೆ ಅಂಕಿಗಳ ಸಾಲು ಇರುತ್ತದೆ. ಅದರಲ್ಲಿ ಉಳಿದಿರುವ ಅತಿ ಸಣ್ಣ ಅಂಕಿ ಯಾವುದೋ ಅದು ಎಷ್ಟನೇ ಪ್ರಿಂಟಿಂಗ್ ಅಂತ ಸಾಮಾನ್ಯವಾಗಿ ಹೇಳುತ್ತದೆ. ಹಳೇ ಸಣ್ಣ ಪ್ರಕಾಶಕರಲ್ಲಿ ಈ ಅನುಕೂಲವಿಲ್ಲ.

ಇನ್ನೊಂದು ದೊಡ್ಡ ಗೊಂದಲ ಬುಕ್ ಕ್ಲಬ್ ಪ್ರತಿ. ಡಬಲ್‌ಡೇ ಪ್ರಕಾಶನ 1953ರಲ್ಲಿ ಸೈನ್ಸ್ ಫಿಕ್ಷನ್ ಬುಕ್ ಕ್ಲಬ್ ಶುರು ಮಾಡಿತು. ಅದರ ಸದಸ್ಯರಿಗೆ ಕಡಿಮೆ ಬೆಲೆಗೆ ರಟ್ಟು ಕಟ್ಟಿದ ಪುಸ್ತಕ ಅಂಚೆಯಲ್ಲಿ ಹೋಗುತ್ತಿತ್ತು. ದೂರದಿಂದ ನೋಡಿದರೆ ಮೂಲ ಪ್ರತಿಯೇ. ಕೈಗೆ ತೆಗೆದುಕೊಂಡರೆ ಹಗುರ, ಕಾಗದ ಒರಟು. ಜಾಕೆಟ್ಟಿನ ಒಳಮಡಿಕೆಯಲ್ಲಿ ಬೆಲೆ ಇರುವುದಿಲ್ಲ. ಹಿಂದಿನ ರಟ್ಟಿನ ಕೆಳಮೂಲೆಯಲ್ಲಿ ಕೆಲವೊಮ್ಮೆ ಬಣ್ಣವಿಲ್ಲದೆ ಒತ್ತಿದ ಒಂದು ಸಣ್ಣ ಗುಳಿ ಇರುತ್ತದೆ. ಡಬಲ್‌ಡೇ ಪ್ರತಿಗಳಲ್ಲಿ ಕೊನೆಯ ಪುಟಗಳ ಒಳ ಅಂಚಿನಲ್ಲಿ, ಹೊಲಿಗೆಯ ಹತ್ತಿರ, ಅಕ್ಷರ ಮತ್ತು ಅಂಕಿ ಸೇರಿದ ಒಂದು ಸಂಕೇತವೂ ಸಿಗಬಹುದು. 1965ರಲ್ಲಿ 'ಡ್ಯೂನ್' ಕಾದಂಬರಿಯನ್ನು ಮೊದಲು ತಂದದ್ದು ಚಿಲ್ಟನ್, ಕಾರು ರಿಪೇರಿಯ ಕೈಪಿಡಿಗಳಿಗೆ ಹೆಸರಾದ ಸಂಸ್ಥೆ. ಅದರ ಮೊದಲ ಪ್ರತಿಯ ಜಾಕೆಟ್ಟಿನಲ್ಲಿ 5.95 ಡಾಲರ್ ಎಂಬ ಬೆಲೆ ಇರುತ್ತದೆ. ಬೆಲೆಯೇ ಇಲ್ಲದ ಜಾಕೆಟ್ ಕಂಡರೆ ಮೊದಲು ಬುಕ್ ಕ್ಲಬ್ ಅಂತ ಅನುಮಾನ ಪಡಬೇಕು. ಬೆಲೆಯ ಮೂಲೆ ಕತ್ತರಿಸಿದ್ದರೂ ಅನುಮಾನ ಪಡಬೇಕು.

ಇನ್ನು ನನಗೆ ಇಷ್ಟವಾದ ಭಾಗ.

1940ರ ಸುಮಾರಿಗೆ ಸೈನ್ಸ್ ಫಿಕ್ಷನ್ ಅಂದರೆ ಪತ್ರಿಕೆಗಳ ಸರಕು. ಅಗ್ಗದ ಒರಟು ಕಾಗದದ ಪತ್ರಿಕೆಗಳಲ್ಲಿ ಕಥೆ ಬರುತ್ತಿತ್ತು, ತಿಂಗಳು ಮುಗಿದ ಮೇಲೆ ರದ್ದಿಗೆ ಹೋಗುತ್ತಿತ್ತು. ರಟ್ಟು ಕಟ್ಟಿ ಪುಸ್ತಕ ಮಾಡಲು ದೊಡ್ಡ ಪ್ರಕಾಶಕರು ಮನಸ್ಸು ಮಾಡುತ್ತಿರಲಿಲ್ಲ. ಆಗ ಓದುಗರೇ ಮುಂದೆ ಬಂದರು. ಭಯಾನಕ ಕಥೆಗಳ ಲೇಖಕ ಲವ್‌ಕ್ರಾಫ್ಟ್ 1937ರಲ್ಲಿ ತೀರಿಕೊಂಡಾಗ ಅವರ ಕಥೆಗಳೆಲ್ಲ ಪತ್ರಿಕೆಗಳಲ್ಲಿ ಚದುರಿಹೋಗಿದ್ದವು. ಆಗಸ್ಟ್ ಡರ್ಲೆತ್, ಡೊನಾಲ್ಡ್ ವಾಂಡ್ರಿ ಎಂಬ ಇಬ್ಬರು ಅಭಿಮಾನಿಗಳು ಪ್ರಕಾಶಕರನ್ನು ಕೇಳಿ ನೋಡಿದರು, ಆಗಲಿಲ್ಲ. ಕೊನೆಗೆ 1939ರಲ್ಲಿ ವಿಸ್ಕಾನ್ಸಿನ್‌ನ ಸಾಕ್ ಸಿಟಿ ಎಂಬ ಸಣ್ಣ ಊರಿನಲ್ಲಿ ತಾವೇ ಆರ್ಕಮ್ ಹೌಸ್ ಎಂಬ ಪ್ರಕಾಶನ ಶುರು ಮಾಡಿದರು. ಡರ್ಲೆತ್ ಮನೆ ಕಟ್ಟಲು ತೆಗೆದ ಬ್ಯಾಂಕ್ ಸಾಲದಲ್ಲೇ ಒಂದಿಷ್ಟು ಇದಕ್ಕೆ ಹಾಕಿದರು. ಮೊದಲ ಪುಸ್ತಕ 'ದಿ ಔಟ್‌ಸೈಡರ್ ಅಂಡ್ ಅದರ್ಸ್'. ಮುದ್ರಿಸಿದ್ದು 1268 ಪ್ರತಿ, ಬೆಲೆ 5 ಡಾಲರ್. ಅಷ್ಟೂ ಪ್ರತಿ ಖಾಲಿಯಾಗಲು ವರ್ಷಗಳೇ ಬೇಕಾದವು.

ನಾನು ಕೊನೆಯ ಪುಟದ ಫೋಟೋ ಕೇಳುವುದಕ್ಕೆ ಕಾರಣ ಇಲ್ಲಿದೆ. ಆರ್ಕಮ್ ಹೌಸಿನ ಬಹಳಷ್ಟು ಪುಸ್ತಕಗಳ ಕೊನೆಯಲ್ಲಿ ಒಂದು ಸಣ್ಣ ಟಿಪ್ಪಣಿ ಇರುತ್ತದೆ. ಎಷ್ಟು ಪ್ರತಿ ಮುದ್ರಿಸಿದ್ದೇವೆ, ಯಾವ ಅಕ್ಷರ, ಯಾವ ಕಾಗದ, ಯಾವ ಪ್ರೆಸ್ಸು, ರಟ್ಟಿಗೆ ಯಾವ ಬಟ್ಟೆ. ಗ್ಯಾರಮಂಡ್ ಅಕ್ಷರ, ವಿನೆಬೇಗೋ ಕಾಗದ, ಹೋಲಿಸ್ಟನ್ ಕಂಪನಿಯ ಕಪ್ಪು ಬಟ್ಟೆ. ಓದುಗರಿಗೆ ಇಷ್ಟೆಲ್ಲ ಹೇಳಬೇಕು ಅಂತ ಅವರಿಗೆ ಅನಿಸಿತ್ತಲ್ಲ, ಅದು ನನಗೆ ಬಹಳ ಹಿಡಿಸುತ್ತದೆ. ರೇ ಬ್ರಾಡ್‌ಬರಿಯ ಮೊದಲ ಪುಸ್ತಕ 'ಡಾರ್ಕ್ ಕಾರ್ನಿವಲ್' ಇವರೇ 1947ರಲ್ಲಿ ತಂದದ್ದು. ಅದು 3112 ಪ್ರತಿ. ಟಿಪ್ಪಣಿಯಲ್ಲಿ ಹೇಳಿದ ಬಟ್ಟೆ ಒಂದು, ನಿಮ್ಮ ಕೈಯಲ್ಲಿರುವ ರಟ್ಟು ಇನ್ನೊಂದು ಆಗಿದ್ದರೆ ಆ ಪುಸ್ತಕವನ್ನು ಯಾರೋ ಮತ್ತೆ ಕಟ್ಟಿಸಿರಬಹುದು.

ಎಲ್ಲರೂ ಇಷ್ಟು ಅಚ್ಚುಕಟ್ಟಾಗಿ ಬರೆದಿಡಲಿಲ್ಲ. 1948ರಲ್ಲಿ ನ್ಯೂಯಾರ್ಕಿನಲ್ಲಿ ಮಾರ್ಟಿನ್ ಗ್ರೀನ್‌ಬರ್ಗ್ ಮತ್ತು ಡೇವಿಡ್ ಕೈಲ್ ಸೇರಿ ನೋಮ್ ಪ್ರೆಸ್ ಶುರು ಮಾಡಿದರು. ಐಸಾಕ್ ಅಸಿಮೊವ್ ಅವರ 'ಐ, ರೋಬೋಟ್' 1950ರಲ್ಲಿ, 'ಫೌಂಡೇಶನ್' ಸರಣಿಯ ಮೂರು ಪುಸ್ತಕಗಳು 1951ರಿಂದ 1953ರವರೆಗೆ ಇಲ್ಲಿಂದಲೇ ಬಂದವು. ಇವತ್ತು ಜಗತ್ತೆಲ್ಲ ಓದುವ ಪುಸ್ತಕಗಳು, ಆಗ ಒಂದು ಪುಟ್ಟ ಸಂಸ್ಥೆಯ ಸಾಹಸ. ಅವರ ಹತ್ತಿರ ದುಡ್ಡು ಯಾವಾಗಲೂ ಕಡಿಮೆ. ರಾಯಲ್ಟಿ ಸರಿಯಾಗಿ ಬರುತ್ತಿರಲಿಲ್ಲ ಅಂತ ಅಸಿಮೊವ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಕೊನೆಗೆ ಈ ಪುಸ್ತಕಗಳು 1961ರಲ್ಲಿ ಡಬಲ್‌ಡೇಗೆ ಹೋದವು.

ಈ ನೋಮ್ ಪ್ರೆಸ್ಸಿನ ಪುಸ್ತಕಗಳಲ್ಲೇ ಗುರುತು ಹಿಡಿಯುವುದು ಕಷ್ಟ. ಒಂದೇ ಪುಸ್ತಕ, ಒಂದೇ ಕಾಪಿರೈಟ್ ಪುಟ, ಎಲ್ಲದರಲ್ಲೂ ಫಸ್ಟ್ ಎಡಿಶನ್ ಎಂದೇ ಇದೆ. ಆದರೆ ಒಂದರ ರಟ್ಟಿಗೆ ಬಟ್ಟೆ, ಇನ್ನೊಂದಕ್ಕೆ ಬರೀ ಕಾಗದ ಅಂಟಿಸಿದ ರಟ್ಟು. ಬಣ್ಣ ಬೇರೆ, ಬೆನ್ನಿನ ಮೇಲಿನ ಅಕ್ಷರದ ಬಣ್ಣ ಬೇರೆ. ಯಾವುದು ಮೊದಲಿನದು?

ಇದರ ಕಾರಣ ನನಗೆ ಪೂರ್ತಿ ಅರ್ಥವಾದದ್ದು ಗದಗದಲ್ಲಿ. ಗದಗ ಅಂದರೆ ಮೊದಲಿಂದಲೂ ಪ್ರೆಸ್ಸುಗಳ ಊರು. ಪುರಾಣ, ನಾಟಕ, ಶಾಲೆಯ ಪುಸ್ತಕ, ಪಂಚಾಂಗ, ಕ್ಯಾಲೆಂಡರ್ ಅಂತ ನಮ್ಮ ಕಡೆಯ ಮನೆಮನೆಗೂ ಗದಗದ ಅಚ್ಚು ಮುಟ್ಟಿದೆ. ಅಲ್ಲಿ ನನಗೆ ಪರಿಚಯದ ಒಬ್ಬ ವಯಸ್ಸಾದ ಬೈಂಡರ್ ಇದ್ದಾರೆ. ಮುರಿದ ಬೆನ್ನಿನ ಒಂದು ಕನ್ನಡ ಕಾದಂಬರಿ ಒಯ್ದು ಕೊಟ್ಟಿದ್ದೆ. ಅದರ ಇನ್ನೊಂದು ಪ್ರತಿಯೂ ಜೊತೆಗಿತ್ತು. ಎರಡರಲ್ಲೂ ಮೊದಲ ಮುದ್ರಣ ಅಂತಲೇ ಇದೆ, ಮುಖಪುಟ ಮಾತ್ರ ಬೇರೆ ಬೇರೆ. ಅವರು ಎರಡನ್ನೂ ಮೇಜಿನ ಮೇಲೆ ಬೆನ್ನು ಮೇಲೆ ಮಾಡಿ ಇಟ್ಟರು. ಕನ್ನಡಕ ಏರಿಸಿ ಫಾರಂಗಳ ಮಡಿಕೆ ನೋಡಿದರು. ಹದಿನಾರು ಪುಟದ ಒಂದೊಂದು ಫಾರಂ, ಅದರ ನಡುವಿನ ಹೊಲಿಗೆಯ ತೂತು, ದಾರ. ಒಂದೆರಡು ಪುಟ ಬೆಳಕಿಗೆ ಹಿಡಿದರು. ಆಮೇಲೆ ಹೇಳಿದರು:

"ಫಾರಂ ಎರಡೂ ಒಂದರೀ ಸರ. ಒಮ್ಮೆನ ಹೊಡಸ್ಯಾರ. ಇದನ್ನ ಆಗ ಕಟ್ಯಾರ, ಇದನ್ನ ಹಿಂದಾಗಡೆ ಕಟ್ಯಾರ."

"ಹಿಂದಾಗಡೆ ಅಂದ್ರ ಎಷ್ಟು ದಿನಾ?"

"ಅದು ರೊಕ್ಕದ ಮ್ಯಾಲ್ರೀ. ಸಾವಿರ ಪ್ರತಿ ಹೊಡಸೂದು, ಮುನ್ನೂರು ಕಟ್ಟಸೂದು. ಅವು ಮಾರಿದ ಮ್ಯಾಲ ಮತ್ತ ಇನ್ನೂರು. ಉಳದ ಫಾರಂ ನಮ್ಮ ಅಟ್ಟದ ಮ್ಯಾಲ ಬಿದ್ದಿರತಿದ್ವು. ಎರಡು ವರ್ಷನೂ ಆಗೂದು, ನಾಕು ವರ್ಷನೂ ಆಗೂದು. ಅಷ್ಟೊತ್ತಿಗೆ ಮೊದಲಿನ ಮುಖಪುಟ ತೀರಿರತಿತ್ತು. ಮತ್ತೊಂದು ಹೊಡಸತಿದ್ರು."

ನೋಮ್ ಪ್ರೆಸ್ ಮಾಡಿದ್ದೂ ಇದನ್ನೇ. ಹಾಳೆಗಳನ್ನು ಒಂದೇ ಸಲ ಮುದ್ರಿಸಿ ಬೈಂಡರ್ ಹತ್ತಿರ ಇಟ್ಟರು. ಆರ್ಡರ್ ಬಂದ ಹಾಗೆ, ದುಡ್ಡು ಬಂದ ಹಾಗೆ ಸ್ವಲ್ಪ ಸ್ವಲ್ಪ ಕಟ್ಟಿಸಿದರು. ಆ ಹೊತ್ತಿಗೆ ಯಾವ ಬಟ್ಟೆ ಅಗ್ಗಕ್ಕೆ ಸಿಕ್ಕಿತೋ ಅದನ್ನು ಹಾಕಿದರು. ಹಾಗಾಗಿ ಮೊದಲ ಪ್ರಿಂಟಿಂಗಿನ ಹಾಳೆ ಇರುವ ಪುಸ್ತಕವನ್ನು ವರ್ಷಗಟ್ಟಲೆ ತಡವಾಗಿ ಕಟ್ಟಿರಬಹುದು. ಸಂಗ್ರಾಹಕರು ಮೊದಲ ಬೈಂಡಿಂಗ್, ಎರಡನೇ ಬೈಂಡಿಂಗ್ ಅಂತ ಬೇರೆ ಮಾಡುವುದು ಇದಕ್ಕೇ. ಸಾಮಾನ್ಯವಾಗಿ ಒಳ್ಳೆಯ ಬಟ್ಟೆಯದ್ದು ಮೊದಲಿನದು, ಅಗ್ಗದ ರಟ್ಟಿನದ್ದು ಆಮೇಲಿನದು. ಇದು ನಿಯಮ ಅಂತ ಹಿಡಿಯಬೇಡಿ, ಪುಸ್ತಕದಿಂದ ಪುಸ್ತಕಕ್ಕೆ ನೋಡಬೇಕು. ಎಲ್. ಡಬ್ಲ್ಯೂ. ಕರಿ ಅವರು 1979ರಲ್ಲಿ ಸೈನ್ಸ್ ಫಿಕ್ಷನ್, ಫ್ಯಾಂಟಸಿ ಲೇಖಕರ ಮೊದಲ ಮುದ್ರಣಗಳ ಒಂದು ದೊಡ್ಡ ಗ್ರಂಥಸೂಚಿ ತಂದರು. ಯಾವ ಬಣ್ಣದ ರಟ್ಟು ಮೊದಲು ಎಂಬ ಜಗಳ ಬಂದಾಗ ಈಗಲೂ ಜನ ಅದನ್ನೇ ತೆರೆಯುತ್ತಾರೆ. ಸಣ್ಣ ಪ್ರಕಾಶಕರ ಇತಿಹಾಸಕ್ಕೆ ಜ್ಯಾಕ್ ಚಾಕರ್, ಮಾರ್ಕ್ ಓವಿಂಗ್ಸ್ ಸೇರಿ ಬರೆದ ದಪ್ಪ ಪುಸ್ತಕವಿದೆ. ದುಡ್ಡು ಕೊಡದೆ ನೋಡಬೇಕೆಂದರೆ ಐಎಸ್‌ಎಫ್‌ಡಿಬಿ ಎಂಬ ಇಂಟರ್ನೆಟ್ ಕೋಶವಿದೆ. ಅದನ್ನು ಓದುಗರೇ ಕಟ್ಟಿದ್ದಾರೆ. ಈ ವಿಷಯದಲ್ಲಿ ಓದುಗರ ಕೆಲಸವೇ ಮೊದಲಿನಿಂದಲೂ ಮುಂದೆ. ಶಾಸ್ತಾ ಎಂಬ ಷಿಕಾಗೋದ ಸಣ್ಣ ಪ್ರಕಾಶನ 1948ರಲ್ಲಿ ತನ್ನ ಮೊದಲ ಪುಸ್ತಕವಾಗಿ ತಂದದ್ದು ಕಾದಂಬರಿಯನ್ನಲ್ಲ, ಎವರೆಟ್ ಬ್ಲೈಲರ್ ಮಾಡಿದ ಫ್ಯಾಂಟಸಿ ಪುಸ್ತಕಗಳ ಪಟ್ಟಿಯನ್ನು!

ಪೆನ್ಸಿಲ್ವೇನಿಯಾದ ರೆಡಿಂಗ್ ಊರಿನಲ್ಲಿ ಲಾಯ್ಡ್ ಆರ್ಥರ್ ಎಶ್‌ಬಾಕ್ 1946ರಲ್ಲಿ ಶುರು ಮಾಡಿದ ಫ್ಯಾಂಟಸಿ ಪ್ರೆಸ್ಸಿನದು ಇನ್ನೊಂದು ರೀತಿ. ಮುಂಗಡ ದುಡ್ಡು ಕೊಟ್ಟವರಿಗೆ ಲೇಖಕರ ಸಹಿ, ಕ್ರಮಸಂಖ್ಯೆ ಇರುವ ಒಂದು ಹಾಳೆ ಸೇರಿಸಿ ಪುಸ್ತಕ ಕೊಡುತ್ತಿದ್ದರು. ಆ ಹಾಳೆ ಇದ್ದರೆ ಬೇರೆ ಪುರಾವೆ ಕಡಿಮೆ ಸಾಕು. ಆದರೆ ಹಾಳೆಯನ್ನು ಬುಡದಲ್ಲಿ ಕೂಡಿಸಿದ ಜಾಗ ಚೆನ್ನಾಗಿ ನೋಡಬೇಕು. ಹರಿದ ಒಂದು ಪ್ರತಿಯಿಂದ ತೆಗೆದು ಇನ್ನೊಂದಕ್ಕೆ ಅಂಟಿಸುವುದು ಕಷ್ಟವಲ್ಲ. ಹೊಸ ಗೋಂದು ಬೆಳಕಿಗೆ ಹಿಡಿದರೆ ಬೇರೆಯಾಗಿ ಕಾಣುತ್ತದೆ. ಇವರ ಮಾರಾಟವಾಗದೆ ಉಳಿದ ಹಾಳೆಗಳೂ ಆಮೇಲೆ ಬೇರೆಯವರ ಕೈಗೆ ಹೋಗಿ ಬೇರೆ ರಟ್ಟು ಕಂಡವು.

ಇನ್ನೊಬ್ಬ ಸಣ್ಣ ಪ್ರಕಾಶಕ ಡೊನಾಲ್ಡ್ ಗ್ರಾಂಟ್ 1982ರಲ್ಲಿ ಸ್ಟೀಫನ್ ಕಿಂಗ್ ಅವರ 'ದಿ ಗನ್‌ಸ್ಲಿಂಗರ್' ತಂದಾಗ ಕಾಲ ಬದಲಾಗಿತ್ತು. ಸಾಮಾನ್ಯ ಪ್ರತಿ 10,000. 1984ರಲ್ಲಿ ಎರಡನೇ ಪ್ರಿಂಟಿಂಗ್, ಅದನ್ನು ಕಾಪಿರೈಟ್ ಪುಟದಲ್ಲೇ ಹೇಳಿದ್ದಾರೆ. ಗುರುತಿಸುವುದು ಸುಲಭ. ನನಗೆ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ.

ನಮ್ಮ ಕಡೆಯ ಪುಸ್ತಕಗಳಿಗೆ ಬರುತ್ತೇನೆ. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾಯಿತು. ಜಿ. ಬಿ. ಜೋಶಿ ಅವರು ಅದನ್ನು ನಡೆಸಿದ ರೀತಿಯೂ ಎಶ್‌ಬಾಕ್‌ಗೆ ಹತ್ತಿರದ್ದೇ. ಚಂದಾದಾರರ ಬಲದ ಮೇಲೆ ಪುಸ್ತಕ. ಸುಭಾಸ ರಸ್ತೆಯ ಅಟ್ಟದ ಮೇಲಿದ್ದ ಗ್ರಂಥಮಾಲೆಯ ಕಚೇರಿಯಿಂದ 1964ರಲ್ಲಿ ಕಾರ್ನಾಡರ 'ತುಘಲಕ್', 1965ರಲ್ಲಿ ಅನಂತಮೂರ್ತಿಯವರ 'ಸಂಸ್ಕಾರ' ಹೊರಬಂದವು. ಇವುಗಳ ಮೊದಲ ಮುದ್ರಣ ಎಷ್ಟು ಮನೆಗಳಲ್ಲಿ ಯಾರ ಗಮನಕ್ಕೂ ಬಾರದೆ ಇದ್ದಾವೋ!

ಕನ್ನಡ ಪುಸ್ತಕದಲ್ಲಿ ಒಂದು ದೊಡ್ಡ ಅನುಕೂಲವಿದೆ. ನಮ್ಮ ಬಹಳಷ್ಟು ಪ್ರಕಾಶಕರು 'ಪ್ರತಿಗಳು: 1000' ಅಂತ ಒಂದು ಸಾಲು ಹಾಕುತ್ತಾರೆ. ಆರ್ಕಮ್ ಹೌಸ್ ಮಾಡಿದ ಕೆಲಸವನ್ನು ನಮ್ಮವರು ಸದ್ದಿಲ್ಲದೆ ಮಾಡುತ್ತ ಬಂದಿದ್ದಾರೆ. ಅನಾನುಕೂಲವೂ ಇದೆ. ಎರಡನೇ ಆವೃತ್ತಿ ಅಂತ ಇದ್ದರೂ ಒಂದಕ್ಷರ ಬದಲಾಗಿರುವುದಿಲ್ಲ. ಕೆಲವು ಪುಸ್ತಕಗಳಲ್ಲಿ ಇಸವಿಯೇ ಇಲ್ಲ.

ಇಸವಿ ಇಲ್ಲದಾಗ ಬೆಲೆ ನೋಡಿ. ರೂಪಾಯಿ, ಆಣೆ ಅಂತಿದ್ದರೆ 1957ರ ಏಪ್ರಿಲ್‌ಗಿಂತ ಹಿಂದಿನದು ಅಂತ ಹೆಚ್ಚುಕಡಿಮೆ ಹೇಳಬಹುದು. ನಯಾ ಪೈಸೆ ಅಂತಿದ್ದರೆ 1957ರಿಂದ 1964ರ ನಡುವೆ. ಯಾಕೆಂದರೆ 1964ರ ಜೂನ್‌ನಲ್ಲಿ ನಯಾ ಹೋಗಿ ಬರೀ ಪೈಸೆ ಉಳಿಯಿತು. ಆಮೇಲೆ ವಿಳಾಸ ನೋಡಿ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಮೈಸೂರು ರಾಜ್ಯ ಅಂತಿದ್ದರೆ 1973ರ ನವೆಂಬರ್‌ಗಿಂತ ಮೊದಲು. ಗದಗದ ಅಥವಾ ಹಾವೇರಿಯ ಪ್ರೆಸ್ಸಿನ ಹೆಸರಿನ ಮುಂದೆ 'ಜಿ. ಧಾರವಾಡ' ಅಂತಿದ್ದರೆ 1997ರಲ್ಲಿ ಜಿಲ್ಲೆ ಒಡೆಯುವ ಮುಂಚಿನದು. ಫೋನ್ ನಂಬರಿನಲ್ಲಿ ಎಷ್ಟು ಅಂಕಿ ಎಂಬುದೂ ಉಪಯೋಗಕ್ಕೆ ಬರುತ್ತದೆ.

ಈ ಗುರುತುಗಳನ್ನು ಒಳಗಿನ ಪುಟದಲ್ಲೂ ನೋಡಬೇಕು, ಹೊದಿಕೆಯಲ್ಲೂ ನೋಡಬೇಕು. ಎರಡೂ ಒಂದೇ ಕಾಲ ಹೇಳಿದರೆ ಸರಿ. ಒಳಗೆ ಪಿನ್‌ಕೋಡ್ ಇಲ್ಲ, ಹಿಂಬದಿಯ ಮುಖಪುಟದಲ್ಲಿದೆ ಅಂತಾದರೆ ಗದಗದ ಬೈಂಡರ್ ಹೇಳಿದ ಕಥೆಯೇ. ಅಟ್ಟದ ಮೇಲಿದ್ದ ಫಾರಂ ಇಳಿಸಿ ಹೊಸ ಹೊದಿಕೆ ಹಾಕಿದ್ದಾರೆ. ಬೆಲೆಯ ಮೇಲೆ ಚೀಟಿ ಅಂಟಿಸಿದ್ದರೆ ಕೀಳಲು ಹೋಗಬೇಡಿ. ಹಿಂದಿನಿಂದ ಟಾರ್ಚ್ ಹಿಡಿದರೆ ಕೆಳಗಿನ ಬೆಲೆ ಬಹಳ ಸಲ ಓದಲು ಬರುತ್ತದೆ. ಪುಟದ ಹಿಂಬದಿಯನ್ನು ಬೆರಳಿನಿಂದ ಮೆಲ್ಲಗೆ ಸವರಿ ನೋಡಿ. ಸೀಸದ ಅಚ್ಚಿನ ಮೊಳೆ ಜೋಡಿಸಿ ಹೊಡೆದದ್ದಾದರೆ ಅಕ್ಷರ ಒತ್ತಿದ ಉಬ್ಬು ಕೈಗೆ ಸಿಗುತ್ತದೆ. ಆಫ್‌ಸೆಟ್ ಆದರೆ ಹಾಳೆ ನುಣುಪು. 1950ರ ದಶಕ ಅಂತ ಹೇಳಿಕೊಳ್ಳುವ ಕನ್ನಡ ಪುಸ್ತಕ ಕೈಗೆ ಪೂರ್ತಿ ನುಣುಪಾಗಿ ಹತ್ತಿದರೆ, ಅದು ಹಳೇ ಪುಟಗಳ ಫೋಟೋ ಹಿಡಿದು ಮಾಡಿದ ಮರುಮುದ್ರಣ ಇರಬಹುದು.

ಕನ್ನಡದಲ್ಲಿ ವಿಜ್ಞಾನ ಕಥೆಗಳಿಗೆ ಹೀಗೆ ಯಾರೂ ಪಟ್ಟಿ ಮಾಡಿದ್ದನ್ನು ನಾನು ನೋಡಿಲ್ಲ. ರಾಜಶೇಖರ ಭೂಸನೂರಮಠರಂಥವರು ಬರೆದ ಪುಸ್ತಕಗಳು ರದ್ದಿ ಅಂಗಡಿಯಲ್ಲಿ ಸಾಮಾನ್ಯ ಕಾದಂಬರಿಗಳ ರಾಶಿಯಲ್ಲಿ ಸೇರಿಹೋಗಿರುತ್ತವೆ. ಯಾವುದು ಯಾವಾಗ, ಎಷ್ಟು ಪ್ರತಿ, ಯಾವ ಮುಖಪುಟದಲ್ಲಿ ಬಂತು ಅಂತ ಬರೆದಿಡಲು ಈಗಲೂ ಹೊತ್ತು ಮೀರಿಲ್ಲ. ಆಗಿನ ಪ್ರೆಸ್ಸಿನವರು, ಬೈಂಡರ್‌ಗಳು ಕೆಲವರಾದರೂ ಇನ್ನೂ ಇದ್ದಾರೆ. ಪುಸ್ತಕದಲ್ಲಿ ಬರೆಯದ ಸಂಗತಿ ಅವರ ನೆನಪಿನಲ್ಲಿದೆ.

ಇವತ್ತಿನ ಸಣ್ಣ ಪ್ರಕಾಶಕರ ಬಗ್ಗೆ ನನಗೆ ನಿಜವಾದ ಚಿಂತೆ ಇದೆ. ಈಗ ಡಿಜಿಟಲ್ ಮುದ್ರಣ. ನೂರು ಪ್ರತಿ ಹೊಡೆಸುತ್ತಾರೆ, ಮುಗಿದರೆ ಮತ್ತೆ ನೂರು. ನಡುವೆ ತಪ್ಪು ತಿದ್ದುತ್ತಾರೆ, ಮುಖಪುಟ ಬದಲಿಸುತ್ತಾರೆ, ಕಾಪಿರೈಟ್ ಪುಟ ಮಾತ್ರ ಹಾಗೇ ಇರುತ್ತದೆ. ಮುಂದೆ ನೋಡುವವರಿಗೆ ಫಾರಂ ಇಲ್ಲ, ಹೊಲಿಗೆ ಇಲ್ಲ, ಬೆನ್ನಿಗೆ ಬರೀ ಗೋಂದು. ಗದಗದ ಬೈಂಡರ್ ಕಂಡುಹಿಡಿದದ್ದನ್ನು ಈ ಪುಸ್ತಕಗಳಲ್ಲಿ ಯಾರೂ ಕಂಡುಹಿಡಿಯಲಾರರು. ಅದಕ್ಕೇ ನಮ್ಮ ಪ್ರಕಾಶಕರಲ್ಲಿ ನನ್ನ ಕೋರಿಕೆ: ಪ್ರತಿಸಲ ಹೊಡೆಸಿದಾಗ ತಿಂಗಳು, ಇಸವಿ, ಪ್ರತಿಗಳ ಸಂಖ್ಯೆ ಬದಲಿಸಿ. ಒಂದು ಸಾಲಿನ ಕೆಲಸ, ಖರ್ಚಿಲ್ಲ.

ಮನೆಯಲ್ಲಿ ಹಳೇ ಪುಸ್ತಕ ಇರುವವರಿಗೆ ಹೇಳುವುದೂ ಇದೆ. ನಮ್ಮ ಕಡೆ ಪುಸ್ತಕ ಹರಿದರೆ ಕ್ಯಾಲಿಕೋ ಬಟ್ಟೆ ಹಾಕಿ ಗಟ್ಟಿ ಕಟ್ಟಿಸುವುದು ರೂಢಿ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಆಗ ಮುಖಪುಟ ಹೋಗುತ್ತದೆ, ಕಟಿಂಗ್ ಮಷೀನಿನಲ್ಲಿ ಮೂರೂ ಬದಿ ಅಂಚು ಹೋಗುತ್ತದೆ, ಹಳೇ ದಾರ ಹೋಗುತ್ತದೆ. ಕಟ್ಟಿಸಲೇಬೇಕೆಂದರೆ ಮೊದಲು ಮುಖಪುಟ, ಬೆನ್ನು, ಹಿಂಬದಿ, ಇಸವಿಯ ಪುಟ, ಕೊನೆಯ ಪುಟ ಇಷ್ಟರ ಫೋಟೋ ತೆಗೆದಿಡಿ. ಪುಟದ ಉದ್ದ ಅಗಲ ಅಳತೆಪಟ್ಟಿಯಿಂದ ಅಳೆದು ಬರೆದಿಡಿ. ಬೈಂಡರ್‌ಗೆ ಕೊಡುವಾಗ "ಅಂಚು ಹೊಡಿಬ್ಯಾಡ್ರಿ, ಹಳೇ ಮುಖಪುಟ ಒಳಗ ಸೇರಿಸಿ ಕಟ್ರಿ" ಅಂತ ಬಾಯಿಬಿಟ್ಟು ಹೇಳಿ. ಹೇಳಿದರೆ ಅವರು ಖಂಡಿತ ಮಾಡಿಕೊಡುತ್ತಾರೆ.